ಮಗ್ಗ ಆರಿಸಿದ ಈರಣ್ಣ ಮೇಸ್ತ್ರಿ

ಈರಣ್ಣ ಮೇಸ್ತ್ರಿ ಕಾಗೆಯ ಮೇಲೂ ಹಗೆ ಸಾಧಿಸಿದವರು. ಒಂದು ಮಧ್ಯಾಹ್ನ ಗಿರಣಿಯ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿಟ್ಟು ಕೈ ತೊಳೆಯಲು ಹೋದಾಗ ಕಾಗೆಯೊಂದು ಅವರ ಜೋಳದ ರೊಟ್ಟಿ ಎತ್ತಿಕೊಂಡು ಹಾರಿತು. ಅಂದಿನಿಂದ ಅವರು ಪಕ್ಕದಲ್ಲಿ ನಾಲ್ಕು ಕಲ್ಲು ಇಟ್ಟುಕೊಳ್ಳದೆ ಊಟಕ್ಕೆ ಕೂತದ್ದನ್ನು ನಾನು ನೋಡಿಲ್ಲ.

“ಅದೇ ಕಾಗಿ ಅಂತ ನಿಮಗ ಹೆಂಗ ಗೊತ್ತಾಗತೈತ್ರಿ?” ಎಂದು ಕೇಳಿದ್ದೆ.

“ನನಗ ಗೊತ್ತಾಗಬೇಕಂತೇನಿಲ್ಲ. ಅದಕ್ಕ ಗೊತ್ತಾದ್ರ ಸಾಕು,” ಎಂದರು.

ಹೊಸಪೇಟೆಯ ಕ್ಷೌರದವನೊಬ್ಬ ಒಮ್ಮೆ ಅವರ ಕಿವಿಯ ಹತ್ತಿರ ಗಾಯ ಮಾಡಿ ನಕ್ಕನಂತೆ. ಆಮೇಲೆ ಅವರು ಕ್ಷೌರಕ್ಕೆಂದೇ ಕಮಲಾಪುರಕ್ಕೆ ನಡೆದು ಹೋಗಿ ಬರುತ್ತಿದ್ದರು. ಹೋಗುವಾಗ ಬೇಕೆಂದೇ ಆ ಅಂಗಡಿಯ ಮುಂದೆ ಹಾಯುತ್ತಿದ್ದರು, ಬರುವಾಗ ಮತ್ತೊಮ್ಮೆ, ನುಣ್ಣಗಿನ ಗಲ್ಲ ಸವರಿಕೊಳ್ಳುತ್ತ. ನಾವೆಲ್ಲ ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ಹೊಸಪೇಟೆಯ ಕಾಲುವೆಯ ದಂಡೆಯಲ್ಲಿ ಗುರುಶಾಂತಪ್ಪ ಸಾಹುಕಾರರ ಬಟ್ಟೆ ಗಿರಣಿ ಇತ್ತು. ನಾನು ಅಲ್ಲಿ ಗುಮಾಸ್ತ. ಸ್ವಲ್ಪ ಇಂಗ್ಲಿಷು ಬಲ್ಲವನೆಂದು ಕಾಗದ ಪತ್ರದ ಕೆಲಸವೆಲ್ಲ ನನ್ನ ತಲೆಗೇ ಬಿದ್ದಿತ್ತು. ಆರು ಯಂತ್ರಮಗ್ಗಗಳು, ಎಲ್ಲವೂ ಸೀಮೆಯಿಂದ, ಅಂದರೆ ಇಂಗ್ಲೆಂಡಿನಿಂದ, ಹಡಗಿನಲ್ಲಿ ಬಂದವು. ಅವುಗಳ ಕಾಯಿಲೆ ಕಸಾಲೆ ನೋಡುವವರು ಕಂಪ್ಲಿಯ ಕಮ್ಮಾರರ ಮನೆಯ ಈರಣ್ಣ ಮೇಸ್ತ್ರಿ. ಮಗ್ಗದ ಸದ್ದು ಕೇಳಿಯೇ ಅದಕ್ಕೇನು ನೋವೆಂದು ಹೇಳುತ್ತಿದ್ದರು.

ಅವರ ನಿಜವಾದ ಹಗೆ ಏನೆಂಬುದು ನನಗೆ ತಿಳಿದದ್ದು ನೇಕಾರರಿಂದ. ನಾನು ಸೇರುವುದಕ್ಕೆ ಮುಂಚೆ ಒಂದು ಮಗ್ಗದಲ್ಲಿ ಲಾಳಿ ಹೊಡೆಯುವ ಕಬ್ಬಿಣದ ತೋಳು ಮುರಿಯಿತು. ಹೊಸದು ಹಡಗಿನಲ್ಲಿ ಬರಬೇಕು, ತಿಂಗಳುಗಟ್ಟಲೆ ಕಾಯಬೇಕು. ಮೇಸ್ತ್ರಿಯ ತಂದೆ ಕಂಪ್ಲಿಯ ತಮ್ಮ ಕುಲುಮೆಯಲ್ಲಿ ಅಂಥದೇ ತೋಳನ್ನು ಬಡಿದು ಮಾಡಿಕೊಟ್ಟರು. ಮಗ್ಗ ಓಡಿತು. ಅದು ಓಡುವುದನ್ನು ಕಣ್ಣಾರೆ ನೋಡಬೇಕೆಂದು ಮುದುಕ ಹೊಸ ರುಮಾಲು ಸುತ್ತಿಕೊಂಡು ಹೊಸಪೇಟೆಗೆ ಬಂದರು. ಅದೇ ದಿನ ಮದ್ರಾಸಿನಿಂದ ಮಗ್ಗದ ಕಂಪನಿಯ ಬಿಳಿ ದೊರೆಯೂ ಬಂದಿದ್ದ. ನೋಡಿದವನೇ ಮಗ್ಗ ನಿಲ್ಲಿಸಿ, ತೋಳನ್ನು ಬಿಚ್ಚಿಸಿ, “ಇದು ಎತ್ತಿನ ಗಾಡಿಯಲ್ಲ” ಎಂದು ಕಾಲುವೆಗೆ ಎಸೆದ. ಮುದುಕ ಸೊಂಟದುದ್ದ ನೀರಿಗಿಳಿದು ಮುಳುಗಿ ಮುಳುಗಿ ಕೈಯಾಡಿಸಿ ಹುಡುಕತೊಡಗಿದರು. ದೊರೆ ದಂಡೆಯ ಮೇಲೆ ನಿಂತು ನಕ್ಕ. ಅವನು ನಕ್ಕನೆಂದು ಅವನ ಜೊತೆಗಿದ್ದವರೂ ನಕ್ಕರು.

ಮುದುಕ ಊರಿಗೆ ಹೋಗಿ ಮತ್ತೆ ಕುಲುಮೆ ಹೊತ್ತಿಸಲಿಲ್ಲ. ಆ ವರ್ಷವೇ ತೀರಿಕೊಂಡರು. ಮೇಸ್ತ್ರಿ ಈ ಮಾತನ್ನು ನನ್ನೆದುರು ಎತ್ತಿದ್ದು ಒಂದೇ ಸಲ. “ಅಪ್ಪ ನೀರಾಗಿಂದ ಮ್ಯಾಲೆ ಬಂದಾಗ ರುಮಾಲು ತೊಯ್ದು ಕಣ್ಣಿನ ಮ್ಯಾಲೆ ಬಿದ್ದಿತ್ತು. ಸರಿಸಿಕೊಳ್ಳಾಕ ಕೈ ಏಳವಲ್ದು. ನಾನು ಸರಿಸಿದೆ,” ಎಂದರು. ಅಷ್ಟೇ.

ಹದಿನಾಲ್ಕು ವರ್ಷ ಕಳೆದ ಮೇಲೆ ಸಾಹುಕಾರರಿಗೆ ಗಿರಣಿ ದೊಡ್ಡದು ಮಾಡುವ ಮನಸ್ಸಾಯಿತು. ಇಪ್ಪತ್ತು ಹೊಸ ಮಗ್ಗ ಬೇಕು. ಸೀಮೆಯವೇ ತರುವುದೋ, ಕೊಯಮತ್ತೂರಿನ ಕಡೆ ನಮ್ಮವರೇ ಎರಕ ಹೊಯ್ದು ಮಾಡಹತ್ತಿದ್ದ ಮಗ್ಗ ತರುವುದೋ? “ಎರಡೂ ಒಂದೊಂದು ತರಸ್ರಿ. ಎಂಟು ದಿನ ಓಡಿಸಿ ಆರಸೋಣು,” ಎಂದರು ಮೇಸ್ತ್ರಿ.

ಸೀಮೆಯ ಮಗ್ಗದ ಜೊತೆ ಅದೇ ದೊರೆ ಬಂದ. ಕೂದಲು ನೆರೆತಿತ್ತು, ಗತ್ತು ನೆರೆತಿರಲಿಲ್ಲ. ನನ್ನ ಕುರ್ಚಿಯನ್ನು ಕರವಸ್ತ್ರದಿಂದ ಎರಡು ಸಲ ಒರೆಸಿ ಅದರ ಮೇಲೆ ಕೂತ. ನಾನು ಎಂಟು ದಿನವೂ ನಿಂತೇ ಬರೆದೆ.

ಎರಡು ಮಗ್ಗಕ್ಕೂ ಒಂದೇ ನೂಲು, ಅದೇ ಇಬ್ಬರು ನೇಕಾರರು. ಎಳೆ ಎಷ್ಟು ಸಲ ಹರಿಯಿತು, ಮಗ್ಗ ಎಷ್ಟು ಸಲ ನಿಂತಿತು, ಲಾಳಿ ಎಷ್ಟು ಸಲ ದಾರಿ ತಪ್ಪಿ ಹೊರಗೆ ಹಾರಿತು ಎಂದು ನಾನು ಒಂದು ಹಾಳೆಯಲ್ಲಿ ಗುರುತು ಹಾಕಬೇಕು. ಎಂಟನೆಯ ದಿನದ ಹೊತ್ತಿಗೆ ಸಂಶಯಕ್ಕೆ ಎಡೆಯೇ ಇರಲಿಲ್ಲ. ಸೀಮೆಯ ಮಗ್ಗವೇ ಮೇಲು, ಮೂರರಲ್ಲೂ ಅದರ ಗುರುತು ಕಡಿಮೆ. ನಮ್ಮವರ ಮಗ್ಗದ ಲಾಳಿ ನಾಲ್ಕು ಸಲ ಹೊರಗೆ ಹಾರಿತ್ತು.

ಮೇಸ್ತ್ರಿ ಹಾಳೆಯನ್ನು ಓದಿಸಿ ಕೇಳಿದರು.

“ಭೀಮಣ್ಣ, ಮ್ಯಾಲಿನ ಎರಡು ಹೆಸರಷ್ಟ ಅದಲು ಬದಲು ಮಾಡ್ರಿ.”

“ಸುಳ್ಳಾಗತೈತಲ್ರಿ!”

“ಇವತ್ತು ಸುಳ್ಳು. ಎರಡು ವರ್ಷ ಕೊಡ್ರಿ ನನಗ. ನೀವು ಬರದಿದ್ದನ್ನ ಖರೇ ಮಾಡಿ ತೋರಸ್ತೀನಿ.”

ಬೇಡವೆನ್ನಬಹುದಿತ್ತು. ನನ್ನ ಕಣ್ಣಿಗೆ ಆ ಕರವಸ್ತ್ರ ಕಾಣುತ್ತಿತ್ತು. ಹೊಸ ಹಾಳೆ ತೆಗೆದುಕೊಂಡು ಹೆಸರು ಬದಲಿಸಿ ಬರೆದೆ. ಬರೆಯಲು ಹಿತವಾಗಿಯೇ ಇತ್ತು. ನೇಕಾರರಿಬ್ಬರೂ ಮೇಸ್ತ್ರಿಗೆ ಎದುರಾಡುವವರಲ್ಲ. ದೊರೆ ಕುರ್ಚಿ ಬಿಟ್ಟೆದ್ದು ಮಗ್ಗದ ಹತ್ತಿರ ನಿಂತವನಲ್ಲ, ಕನ್ನಡದ ಹಾಳೆ ಓದಬಲ್ಲವನೂ ಅಲ್ಲ. ಸಾಹುಕಾರರು ಹಾಳೆ ನೋಡಿ ಕೊಯಮತ್ತೂರಿಗೇ ಕಾಗದ ಬರೆಸಿದರು.

ದೊರೆಯ ಮಗ್ಗವನ್ನು ಬಿಚ್ಚಿ ಬಂಡಿಗೆ ಹೇರುವಾಗ ಮೇಸ್ತ್ರಿ ಅದರ ಲಾಳಿ ಹೊಡೆಯುವ ತೋಳನ್ನು ಕೈಯಲ್ಲಿ ಹಿಡಿದು ಕಾಲುವೆಯ ದಂಡೆಗೆ ಹೋಗಿ ನಿಂತರು. “ನನ್ನ ಗುರುತು ಐತೇನು ಕೇಳ್ರಿ ಭೀಮಣ್ಣ,” ಎಂದರು. ನಾನು ಕೇಳಿದೆ. ದೊರೆ ಇಲ್ಲವೆಂದ. “ನಮ್ಮಪ್ಪ ಇದ ನೀರಿಗಿ ಇಳಿದಿದ್ದ ಅಂತ ಹೇಳ್ರಿ.” ಹೇಳಿದೆ. ದೊರೆ ಹುಬ್ಬು ಗಂಟಿಕ್ಕಿ ಯೋಚಿಸಿದ. ತಾನು ಎಷ್ಟೋ ಗಿರಣಿ ನೋಡಿದವನು, ಎಲ್ಲವೂ ನೆನಪಿರುವುದಿಲ್ಲ ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದನ್ನು ಕನ್ನಡದಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ, ಆದರೂ ಹೇಳಿದೆ.

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. “ಇವತ್ತಿಂದ ನೆನಪಿರ್ತೈತಿ ಬಿಡ್ರಿ,” ಎಂದು ತೋಳನ್ನು ನೀರಿಗೆ ಬಿಟ್ಟರು. ಕಾಲುವೆ ತುಂಬಿ ಹರಿಯುತ್ತಿತ್ತು. ದೊರೆ ಕೂಗಾಡಿದ, ಕೂಲಿಗಳನ್ನು ಇಳಿಸಿದ, ಪೊಲೀಸರನ್ನು ಕರೆಸುತ್ತೇನೆಂದ. ಸಾಹುಕಾರರು ಓಡಿಬಂದು ಕೈಜಾರಿ ಬಿತ್ತೆಂದು ಸಮಾಧಾನ ಹೇಳಿದರು. ರೈಲಿನ ಹೊತ್ತಾಗಿ ಅವನು ಅದಿಲ್ಲದೆಯೇ ಹೋದ.

ಇಪ್ಪತ್ತು ಮಗ್ಗ ಬಂದವು. ಮೂರನೆಯ ತಿಂಗಳು ಒಂದರ ಲಾಳಿ ಹಾರಿ, ನೇಕಾರರಿಗೆ ನೂಲು ಸುತ್ತಿದ ಕಂಡಿಕೆ ಹಂಚುತ್ತಿದ್ದ ಕಮಲಾಪುರದ ದುರುಗವ್ವನ ಎಡಗಣ್ಣಿಗೆ ಬಡಿಯಿತು. ಲಾಳಿಯ ತುದಿಗೆ ಕಬ್ಬಿಣದ ಮೊನೆ ಇರುತ್ತದೆ. ಮೇಸ್ತ್ರಿಯೇ ಆಕೆಯನ್ನು ಬಂಡಿಯಲ್ಲಿ, ರೈಲಿನಲ್ಲಿ ಬಳ್ಳಾರಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಣ್ಣು ಉಳಿಯಲಿಲ್ಲ. ಗ್ರಹಚಾರ ಎಂದರು ಸಾಹುಕಾರರು. ಎಲ್ಲರೂ ಹಾಗೆಯೇ ಅಂದರು. ಆ ಗ್ರಹಚಾರ ನನ್ನ ಕೈಬರಹದಲ್ಲಿತ್ತೆಂದು ಗೊತ್ತಿದ್ದವರು ನಾವಿಬ್ಬರು, ಆ ನೇಕಾರರಿಬ್ಬರು, ಅಷ್ಟೇ.

ಅಲ್ಲಿಂದ ಮೇಸ್ತ್ರಿ ಮಗ್ಗಗಳ ಮೇಲೆ ಬಿದ್ದ ಪರಿ ಹೇಳತೀರದು. ಒಂದೊಂದು ಮಗ್ಗದ ಮುಂದೂ ಲಾಳಿ ತಡೆಯುವ ಸರಳು ಕೂರಿಸಿದರು. ಸೊಟ್ಟ ಭಾಗಗಳನ್ನು ಚೀಲದಲ್ಲಿ ಹೊತ್ತು ಮೂರು ಸಲ ಕೊಯಮತ್ತೂರಿಗೆ ಹೋಗಿ, ಎರಕದವರ ಪಕ್ಕದಲ್ಲೇ ನಿಂತು, ಭಾಷೆ ಬಾರದೆ ಕೈಸನ್ನೆಯಲ್ಲೇ ಜಗಳವಾಡಿ ಅಚ್ಚು ತಿದ್ದಿಸಿದರು. ಎರಡು ವರ್ಷವಾಗುವ ಹೊತ್ತಿಗೆ ಆ ಮಗ್ಗಗಳು ನನ್ನ ಸುಳ್ಳು ಹಾಳೆಗಿಂತ ಚೆನ್ನಾಗಿ ನೇಯುತ್ತಿದ್ದವು. ಯುದ್ಧ ಬಂದು ಹಡಗುಗಳು ನಿಂತಾಗ ಬಿಡಿಭಾಗವಿಲ್ಲದೆ ಸೀಮೆಯ ಆರೂ ಮಗ್ಗ ಮೂಲೆ ಸೇರಿದವು, ನಮ್ಮವು ಓಡಿದವು. ಬೇರೆ ಗಿರಣಿಯವರಿಗೆ ಬೇಕಾಗಿದೆ, ನಿಮ್ಮ ಮೇಸ್ತ್ರಿ ಕೆಲವು ತೋಳು ಮಾಡಿಕೊಡಬಹುದೇ ಎಂದು ಮದ್ರಾಸಿನ ಕಂಪನಿಯಿಂದ ಕಾಗದವೂ ಬಂತು.

“ಇದು ಎತ್ತಿನ ಗಾಡಿಯಲ್ಲ, ಹಡಗು ಬರೋತನ ಕಾಯ್ರಿ. ಹಂಗ ಬರೀರಿ. ಒಂದಕ್ಷರ ಮೆತ್ತಗ ಮಾಡಬ್ಯಾಡ್ರಿ,” ಎಂದರು ಮೇಸ್ತ್ರಿ.

ಬರೆದೆ. ಕಾಗದ ಟಪಾಲಿಗೆ ಬಿದ್ದ ದಿನ ಅವರು ಇಡೀ ಗಿರಣಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿದರು. ದುರುಗವ್ವನೂ ಸೆರಗೊಡ್ಡಿ ಇಸಿದುಕೊಂಡಳು. ಆಕೆಯ ಮುಂದೆ ಮಾತ್ರ ಅವರು ತಲೆ ಎತ್ತಲಿಲ್ಲ.

ಯುದ್ಧ ಮುಗಿಯುವ ಮುಂಚೆಯೇ ಅವರಿಗೆ ಎದೆಯ ಕಾಯಿಲೆ ಹಿಡಿದು ಕಂಪ್ಲಿಗೆ ಹೋದರು. ದುರುಗವ್ವನನ್ನು ಕರೆದುಕೊಂಡು ಬಾ ಎಂದು ನನಗೆ ಹೇಳಿಕಳಿಸಿದರು. ಹೋದೆವು. ಗೋಡೆಗೊರಗಿ ಕೂತಿದ್ದರು. ಆಕೆಗೆ ಎಲ್ಲವನ್ನೂ ಹೇಳಿದರು: ದೊರೆ, ಅಪ್ಪ, ಎಂಟು ದಿನ, ಹಾರಿದ ಲಾಳಿ, ಬದಲಿಸಿದ ಹೆಸರು. ಹೇಳುತ್ತ ಹೇಳುತ್ತ ಉಸಿರು ಸಾಲದೆ ನಿಲ್ಲುತ್ತಿದ್ದರು.

“ನಿಮ್ಮ ಅಪ್ಪನ ಸಿಟ್ಟು ಎಷ್ಟು ವರ್ಷ ಇಟ್ಟಕೊಂಡಿದ್ರಿ ಮೇಸ್ತ್ರಿ?” ಎಂದು ಕೊನೆಗೆ ದುರುಗವ್ವ ಕೇಳಿದಳು.

“ಹದಿನಾಕು ವರ್ಷ.”

“ನಂದು ಇವತ್ತಿಗೆ ಸುರು ಆತು.”

ಅವರ ಹೆಂಡತಿ ಒಳಗಿನಿಂದ ಬಂದು, ಸಾಯುವ ಮನುಷ್ಯ, ಬಿಟ್ಟುಬಿಡವ್ವ ಎಂದು ಆಕೆಯ ಕೈ ಹಿಡಿದುಕೊಂಡರು. ಮೇಸ್ತ್ರಿ ಹೆಂಡತಿಯನ್ನು ಗದರಿದರು. “ಆಕಿಗಿ ಹಂಗ ಹೇಳಬ್ಯಾಡ. ಬಿಡಂಗಿಲ್ಲ ಆಕಿ. ನಾನು ಬಿಟ್ಟಿದ್ನೇನು?”

ದುರುಗವ್ವ ಎದ್ದಳು. ಹೊಸ್ತಿಲಲ್ಲಿ ನಿಂತು ನನ್ನ ಕಡೆ ತಿರುಗಿದಳು. “ಬರದೋರು ನೀವ ಹೌದಲ್ರಿ?” ಎಂದಳು. ಹೂಂ ಎಂದೆ. ಆಕೆ ನನ್ನ ಜೊತೆ ಬಂಡಿ ಹತ್ತಲಿಲ್ಲ. ಬಿಸಿಲಿನಲ್ಲಿ ಒಬ್ಬಳೇ ನಡೆದು ಹೋದಳು.

ಆರನೆಯ ದಿನಕ್ಕೆ ಮೇಸ್ತ್ರಿ ಹೋದರು. ಮಣ್ಣು ಮಾಡಲು ಗಿರಣಿಯವರೆಲ್ಲ ಬಂದರು, ಆಕೆ ಬರಲಿಲ್ಲ. ಆಮೇಲೆ ಒಂಬತ್ತು ವರ್ಷ ಅದೇ ಗಿರಣಿಯಲ್ಲಿ ನಾವಿಬ್ಬರೂ ಕೆಲಸ ಮಾಡಿದೆವು. ಕಂಡಿಕೆಯ ಬುಟ್ಟಿ ಹೊತ್ತು ದಿನಕ್ಕೆ ಹತ್ತು ಸಲ ನನ್ನ ಮೇಜಿನ ಮುಂದೆ ಹಾಯುತ್ತಿದ್ದಳು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಆಡೆಂದು ನಾನೂ ಕೇಳಲಿಲ್ಲ.