ಏಳನೆಯ ಕಂದು ವೈರು

ನಿಮ್ಮ ಗಾಡಿಯ ಹಿಂದಿನ ದೀಪ ನಿಮಗೆ ಕಾಣುವುದಿಲ್ಲ. ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಆದರೂ ಎಲ್ಲರೂ ಮರೆತವರಂತೆಯೇ ಓಡಾಡುತ್ತಾರೆ. ಮುಂದಿನ ದೀಪಕ್ಕೆ ದುಡ್ಡು ಸುರಿಯುತ್ತಾರೆ. ಎರಡು ಸಾಲದೆಂದು ತಲೆಯ ಮೇಲೆ ಇನ್ನಾರು ಕೂರಿಸುತ್ತಾರೆ. ಹಾರನ್ನಿನಲ್ಲಿ ಹಾಡು ಬೇಕು ಅನ್ನುತ್ತಾರೆ. ಹಿಂದಿನದು ಹಿಂದೆ ಬರುವವನ ಪಾಡು!

ಮರುಭೂಮಿ ಕಣಿವೆಯ ಬ್ರಾಲಿ ಊರಿನ ಓರ್ತೆನ್ಸಿಯಾ ಬರ್ರಾಗಾನಳಿಗೆ ಈ ಸಿಟ್ಟು ನಲವತ್ತು ವರ್ಷ ಹಳೆಯದು. ಊರಿಗೆಲ್ಲ ಅವಳು ದೋನ್ಯಾ ತೆಂಚಾ, ಅಂದರೆ ತೆಂಚಮ್ಮ. ಈ ಕಥೆಯ ಹೊತ್ತಿಗೆ ವಯಸ್ಸು ಐವತ್ನಾಲ್ಕು, ಕೆಲಸ ಗಾಡಿಗಳ ವೈರಿಂಗ್. ನೀರಿನ ಕಾಲುವೆಯ ದಂಡೆಯ ಮೇಲೆ ಒಂದು ತಗಡಿನ ಶೆಡ್ಡು, ಮುಂದೆ ಅಂಗಳ, ಅಂಗಳದ ತುಂಬ ಬಾಗಿಲಿಲ್ಲದ, ಸೂರಿಲ್ಲದ ಬಗ್ಗಿಗಳು, ಮರಳಿನ ಮೇಲೆ ಓಡಿಸುವ ಗಿಡ್ಡ ಕಾರುಗಳು.

ಹಳೆಯ ಬೀಟಲ್ ಕಾರು ಕೊಳ್ಳುವುದು, ಅದರ ಮೈ ಕಿತ್ತೆಸೆಯುವುದು, ತಳದ ಕಬ್ಬಿಣದ ಚಾಸಿಯನ್ನು ಮೊಳದಷ್ಟು ಕತ್ತರಿಸಿ ಗಿಡ್ಡ ಮಾಡುವುದು, ಮೇಲೊಂದು ಫೈಬರ್ ತೊಟ್ಟಿ ಕೂರಿಸುವುದು: ಆ ಕಾಲದಲ್ಲಿ ಕಣಿವೆಯ ಹುಡುಗರಿಗೆಲ್ಲ ಇದೇ ಹುಚ್ಚು. ಗ್ಲಾಮಿಸ್ ಮರಳುದಿಬ್ಬಗಳ ಮೇಲೆ ಹಾರಲು ಅಷ್ಟು ಸಾಕು. ಆದರೆ ಊರಿನಿಂದ ದಿಬ್ಬದವರೆಗಿನ ಇಪ್ಪತ್ತೇಳು ಮೈಲಿ ಸರಕಾರದ ರಸ್ತೆ. ಆ ರಸ್ತೆಗೆ ಇಳಿಯಬೇಕಾದರೆ ಹೆಡ್‌ಲೈಟು, ಇಂಡಿಕೇಟರು, ಬ್ರೇಕ್ ಲೈಟು, ಹಾರನ್ನು, ನಂಬರ್ ಪ್ಲೇಟಿಗೊಂದು ದೀಪ ಎಲ್ಲ ಇರಬೇಕು, ಇದೆ ಎಂದು ತಪಾಸಕ ಮುದ್ರೆ ಒತ್ತಿದ ಕಾಗದವೂ ಬೇಕು. ಮರಳಿನ ಮೇಲೆ ಬಗ್ಗಿ ಲಗಾಮಿಲ್ಲದ ಕುದುರೆ. ಡಾಂಬರಿಗೆ ತರುವ ಮುಂಚೆ ಲಗಾಮು ತೊಡಿಸುತ್ತಿದ್ದವಳು ತೆಂಚಾ.

ಅವಳು ವೈರಿಂಗ್ ಕಲಿತದ್ದು ಲೆಟ್ಯೂಸ್ ಸೊಪ್ಪು ಕೊಯ್ಯುವ ಆಳುಗಳನ್ನು ಹೊರುವ ಬಸ್ಸುಗಳಲ್ಲಿ. ಅವಳ ಅಪ್ಪ ಅಂಥದೊಂದು ಬಸ್ಸಿನ ಚಾಲಕ. ಬೆಳಗಿನ ನಾಲ್ಕಕ್ಕೇ ಮಂಜಿನಲ್ಲಿ ನಲವತ್ತು ಜನರನ್ನು ತುಂಬಿಕೊಂಡು ಹೊರಡುವ ಬಸ್ಸಿಗೆ ಹಿಂದೆ ಒಂದೂ ದೀಪವಿರಲಿಲ್ಲ. ಹದಿನಾಲ್ಕರ ತೆಂಚಾ ಕಂಟ್ರಾಕ್ಟರನ ಹತ್ತಿರ ಹೋಗಿ ಬಲ್ಬು ಕೇಳಿದ್ದಳು. ಅವನು ನಕ್ಕಿದ್ದ. "ಹೋಗೋದು ಮುಂದಕ್ಕೆ ತಾನೇ? ಹಿಂದೆ ಯಾಕಮ್ಮ ಬೆಳಕು?" ಅವಳು ಅವನ ಸ್ವಂತ ಕಾರಿನ ಹಿಂದಿನ ಬಲ್ಬು ಎರಡನ್ನೂ ಬಿಚ್ಚಿ ತಂದು ಬಸ್ಸಿಗೆ ಹಾಕಿದಳು. ಅವನಿಗೆ ಗೊತ್ತಾಗಲು ಐದು ವಾರ ಹಿಡಿಯಿತು. ತನ್ನ ಹಿಂದಿನ ದೀಪ ಯಾವನು ನೋಡುತ್ತಾನೆ?

ಬಗ್ಗಿಯ ವೈರಿಂಗಿನಲ್ಲಿ ಆ ಊರಿನ ಗಂಡಸರೆಲ್ಲ ಮಾಡುತ್ತಿದ್ದ ತಪ್ಪು ಒಂದೇ. ಬೀಟಲ್‌ನದು ತಗಡಿನ ಮೈ. ದೀಪವನ್ನು ಮೈಗೆ ಬೋಲ್ಟು ಹಾಕಿ ಬಿಗಿದರೆ ಸಾಕು. ಕರೆಂಟು ವೈರಿನಲ್ಲಿ ಹೋಗಿ ತಗಡಿನಲ್ಲಿ ವಾಪಸು ಬರುತ್ತದೆ. ಅದರಲ್ಲೇ ಬೆಳೆದವರು ಫೈಬರ್ ತೊಟ್ಟಿಗೂ ಹಾಗೆಯೇ ಬಿಗಿಯುತ್ತಿದ್ದರು, ದೀಪ ಹತ್ತದಿದ್ದರೆ ಬಲ್ಬಿನ ವಂಶವನ್ನೆಲ್ಲ ಬೈಯುತ್ತಿದ್ದರು. ಫೈಬರಿನಲ್ಲಿ ಕರೆಂಟಿಗೆ ವಾಪಸು ದಾರಿಯಿಲ್ಲ. ದೀಪಗಳಿಂದ ಚಾಸಿಗೆ ಬೇರೆಯೇ ಅರ್ತ್ ವೈರುಗಳನ್ನು ಎಳೆಯಬೇಕು. ತೆಂಚಾ ಅದಕ್ಕೆ ಕಂದು ಬಣ್ಣದ್ದನ್ನೇ ಬಳಸುತ್ತಿದ್ದಳು. ಒಂದು ಗಾಡಿಗೆ ಎಷ್ಟು ಬೇಕೋ ಅಷ್ಟನ್ನು ಬೆಳಿಗ್ಗೆಯೇ ಕತ್ತರಿಸಿ, ತುದಿಗೆ ಹಿತ್ತಾಳೆಯ ಉಂಗುರ ಒತ್ತಿ, ಏಪ್ರನ್ನಿನ ಎಡಜೇಬಿಗೆ ಹಾಕಿಕೊಳ್ಳುವಳು. ಜೇಬು ಖಾಲಿಯಾದರೆ ಗಾಡಿ ಮುಗಿದ ಹಾಗೆ. ಬೇರೆ ಲೆಕ್ಕ, ಪಟ್ಟಿ ಏನೂ ಇಲ್ಲ. ಹತ್ತು ವರ್ಷದಲ್ಲಿ ಆ ಜೇಬು ಒಮ್ಮೆಯೂ ಅವಳಿಗೆ ಕೈಕೊಟ್ಟಿರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೇಳರ ನವೆಂಬರ್, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ. ಅಂಗಳದಲ್ಲಿ ಎಂಟು ಬಗ್ಗಿ, ಎಂಟು ಮಂದಿಗೂ ಸಂಜೆಯೊಳಗೆ ದಿಬ್ಬ ಸೇರುವ ಅವಸರ. ಎಲ್ಲರಿಗಿಂತ ಹೆಚ್ಚು ಅವಸರ ಡೆಲ್ಬರ್ಟ್ ಆ್ಯಶ್‌ಕ್ರಾಫ್ಟನಿಗೆ. ನೀರೆತ್ತುವ ಪಂಪುಗಳ ಮೆಕ್ಯಾನಿಕ್, ಇಪ್ಪತ್ತಾರರ ಹುಡುಗ. ಎರಡು ವರ್ಷ ಒದ್ದಾಡಿ ಕಟ್ಟಿದ ಕಿತ್ತಳೆ ಬಣ್ಣದ ಬಗ್ಗಿ, ಜೊತೆಗೆ ನಾಲ್ಕು ತಿಂಗಳ ಹಿಂದೆ ಮದುವೆಯಾದ ರೇಲೀನ್.

"ದೋನ್ಯಾ, ಹಾರನ್ನು ಆಯ್ತಾ?"

"ಹಿಂದಿನ ದೀಪ ಆಗ್ಲಿ ತಡಿಯೋ."

"ದೀಪ ಏನು, ಹತ್ತುತ್ತೆ ಬಿಡಿ. ಹಾರನ್ನಲ್ಲಿ ಆ ಹಾಡು ಬರ್ಲೇಬೇಕು. ಹುಡುಗ್ರೆಲ್ಲ ಕಾಯ್ತಾ ಇರ್ತಾರೆ."

"ನಿನ್ನ ಹೆಣದ ಮುಂದೆ ಬಾರಿಸ್ತಾರೆ ಅದೇ ಹಾಡು," ಎಂದಳು ತೆಂಚಾ, ಬಗ್ಗಿಯ ಕೆಳಗಿನಿಂದಲೇ. ರೇಲೀನ್ ಕಿಸಕ್ಕನೆ ನಕ್ಕಳು.

ಅವನ ಬಗ್ಗಿಗೆ ಬೇಕಾದ ಏಳು ಕಂದು ವೈರುಗಳಲ್ಲಿ ಆರು ಹಾಕಿ ಮುಗಿದಿತ್ತು. ಏಳನೆಯದು ಹಿಂದಿನ ಎರಡೂ ಕೆಂಪು ದೀಪಗಳಿಗೆ ಸೇರಿದ್ದು. ಅಷ್ಟರಲ್ಲಿ ತಪಾಸಕ ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಬಂದು ನಿಂತ. ಹಬ್ಬದ ರಜೆಗೆ ಅವನಿಗೂ ಹೊರಡಬೇಕು. ತೆಂಚಾ ಪರೀಕ್ಷೆಗೆ ಇಟ್ಟುಕೊಂಡಿದ್ದ ಕ್ಲಿಪ್ಪಿನ ವೈರನ್ನು ತತ್ಕಾಲಕ್ಕೆ ದೀಪದಿಂದ ಚಾಸಿಗೆ ಕಚ್ಚಿಸಿದಳು. ದೀಪಗಳೆಲ್ಲ ನಿಗಿನಿಗಿ ಎಂದವು. ಅವನು ಮುದ್ರೆ ಒತ್ತಿ ಹೊರಟ. ಅವನು ನೋಡಿದ್ದು ಸುಳ್ಳಲ್ಲ. ಅವನು ಅತ್ತ ಹೋದ ಮೇಲೆ ಅದು ಸುಳ್ಳಾಯಿತು.

ಕ್ಲಿಪ್ಪು ಕಿತ್ತು ಅಸಲಿ ವೈರಿಗೆಂದು ಜೇಬಿಗೆ ಕೈಹಾಕಬೇಕು, ಆಗಲೇ ರೇಲೀನ್ ಕ್ಯಾಮೆರಾ ಹಿಡಿದು ಬಂದಳು. ಒತ್ತಿದ ಕೂಡಲೇ ಫೋಟೋವನ್ನು ಹೊರಗೆ ಉಗುಳುವ ಹೊಸ ಕ್ಯಾಮೆರಾ.

"ದೋನ್ಯಾ, ಬಗ್ಗಿ ಪಕ್ಕದಲ್ಲಿ ನಿಂತ್ಕೊಳ್ಳಿ, ಒಂದೇ ಒಂದು ಫೋಟೋ!"

"ಈ ಅವತಾರದಲ್ಲಾ? ಹೋಗೇ."

"ಏಪ್ರನ್ ತೆಗೆದ್ರೆ ಆಯ್ತಪ್ಪ. ಎಷ್ಟು ಲಕ್ಷಣವಾಗಿದೀರಾ."

ಲಕ್ಷಣ! ಆ ಮಾತನ್ನು ತೆಂಚಾ ಕೇಳಿ ಎಷ್ಟು ವರ್ಷವಾಗಿತ್ತೋ. ಏಪ್ರನ್ ಬಿಚ್ಚಿ ಗೋಡೆಯ ಮೊಳೆಗೆ ತಗುಲಿಸಿದಳು, ಕೂದಲು ಸವರಿಕೊಂಡಳು, ನಿಂತಳು. ರೇಲೀನ್ ಎರಡು ಫೋಟೋ ತೆಗೆದು ಒಂದನ್ನು ಅವಳ ಕೈಗಿಟ್ಟಳು. ನಗು, ಕೈಕುಲುಕಾಟ, ಹಾರನ್ನಿನ ಹಾಡು. ಪಕ್ಕದ ಬಗ್ಗಿಯವನು "ಮುಂದಿನದು ನಂದು" ಎಂದು ಕೂಗಿದ. ಕಿತ್ತಳೆ ಬಗ್ಗಿ ಧೂಳೆಬ್ಬಿಸಿ ಹೋಯಿತು.

ಮುಂದಿನ ಬಗ್ಗಿಗೆ ಕೈಹಾಕುವ ಮುಂಚೆ, ನಾಲ್ಕು ಗಂಟೆಗೆ ತೆಂಚಾ ಟೊರ್ಟಿಯಾ ರೊಟ್ಟಿಯಲ್ಲಿ ಬೀನ್ಸ್ ಕಾಳು ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಳು. ಫೋಟೋ ಈಗ ಪೂರ್ತಿ ಮೂಡಿತ್ತು. ತನ್ನ ಮುಖವನ್ನೇ ಮೊದಲು ನೋಡಿದಳು, ಯಾರಾದರೂ ಅಷ್ಟೇ. ಆಮೇಲೆ ತನ್ನ ಹೆಗಲ ಹಿಂದಿನ ಗೋಡೆ. ಗೋಡೆಯ ಮೊಳೆಯಲ್ಲಿ ಏಪ್ರನ್. ಅದರ ಎಡಜೇಬಿನಿಂದ ಒಂದು ಕಂದು ಕುಣಿಕೆ ಹೊರಗೆ ಇಣುಕುತ್ತಿತ್ತು.

ಎದ್ದು ಹೋಗಿ ಜೇಬಿಗೆ ಕೈಹಾಕಿದಳು. ಇತ್ತು. ಏಳನೆಯದು.

ಹಗಲಿನಲ್ಲಿ ಆ ಬಗ್ಗಿಯ ಬ್ರೇಕ್ ಒತ್ತಿದರೆ ದೀಪ ಮಂಕಾಗಿಯಾದರೂ ಮಿನುಗುತ್ತದೆ. ಅರ್ತ್ ಸಿಗದ ಕರೆಂಟು ಮುಂದಿನ ಚಿಕ್ಕ ದೀಪಗಳ ಮೂಲಕ ಕಳ್ಳದಾರಿ ಹಿಡಿಯುತ್ತದೆ. ಕತ್ತಲಾಗಿ ಹೆಡ್‌ಲೈಟು ಹಾಕಿದರೆ ಆ ಚಿಕ್ಕ ದೀಪಗಳಲ್ಲೂ ಕರೆಂಟು ತುಂಬಿ ಆ ದಾರಿಯೂ ಮುಚ್ಚಿತು. ಬ್ರೇಕ್ ಒತ್ತಲಿ ಬಿಡಲಿ, ಹಿಂದೆ ಗಾಢಾಂಧಕಾರ. ಡೆಲ್ಬರ್ಟನ ಕಣ್ಣಿಗೆ ಮಾತ್ರ ಮುಂದಿನ ಎಂಟು ದೀಪ ಧಗಧಗಿಸುತ್ತಿರುತ್ತವೆ. ಜೇಬಿನಲ್ಲಿ ಮುದ್ರೆಯ ಕಾಗದ ಬೆಚ್ಚಗಿರುತ್ತದೆ. ಸೂರ್ಯ ಮುಳುಗಲು ಇನ್ನು ಮುಕ್ಕಾಲು ಗಂಟೆಯೂ ಇಲ್ಲ.

ಅವಳ ಪಿಕಪ್ಪಿನ ಎಂಜಿನ್ನು ಬಿಚ್ಚಿ ಬಿದ್ದಿತ್ತು, ಅಂಗಳದಲ್ಲಿ ಉಳಿದ ಬಗ್ಗಿಗಳಿಗೆ ಇನ್ನೂ ದೀಪವೇ ಇರಲಿಲ್ಲ. ಏಪ್ರನ್ ತೊಟ್ಟು ಕಾಲುವೆ ದಾಟಿ ರುತಿಲಿಯೊನ ಮನೆಗೆ ಓಡಿದಳು. ಅವಳ ಮಗಳ ಜ್ಞಾನಸ್ನಾನದಲ್ಲಿ ಜ್ಞಾನತಂದೆಯಾಗಿ ನಿಂತವನು. ಅಂದಿನಿಂದ ಅವಳಿಗೆ ಅವನು ಕೊಂಪಾದ್ರೆ, ಅವನಿಗೆ ಅವಳು ಕೊಮಾದ್ರೆ. ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಲಾರಿ ಅವನದು.

"ಕೊಂಪಾದ್ರೆ, ಲಾರಿ ತೆಗೀರಿ."

"ಕಾಫಿ ಕುಡೀತಾ ಇದೀನಿ ಕೊಮಾದ್ರೆ. ಯಾರು ಕೆಟ್ಟು ನಿಂತಿರೋದು?"

"ನಾನು. ಏಳ್ರಿ!"

ದಾರಿಯಲ್ಲಿ ಡೆಲ್ಬರ್ಟನ ತಾಯಿಯ ಮನೆ. ಹುಡುಗ ಅಲ್ಲೇ ಹರಟುತ್ತ ಕೂತಿರಲಿ ಎಂದು ತೆಂಚಾ ಗ್ವಾದಲೂಪೆ ಮಾತೆಗೆ ಎರಡು ಮೇಣದಬತ್ತಿ ಹರಸಿಕೊಂಡಳು. ತಾಯಿ ಬಾಗಿಲಿಗೆ ಬಂದು, "ಈಗ ತಾನೇ ಹೋದ್ರಲ್ಲ, ಹತ್ತು ನಿಮಿಷ ಆಯ್ತು. ಕುಂಬಳಕಾಯಿ ಪೈ ಕೊಟ್ಟು, ಅಲುಗದ ಹಾಗೆ ನಿಧಾನ ಹೋಗು ಅಂತ ಕಳಿಸ್ದೆ. ಹಾರನ್ನು ಎಷ್ಟು ಚೆನ್ನಾಗಿದೆ!" ಎಂದಳು. ತೆಂಚಾ ಲಾರಿ ಹತ್ತಿದಳು.

ಊರು ಕಳೆಯಿತು, ಕುದುರೆಮೆಂತ್ಯದ ಹೊಲಗಳು ಕಳೆದವು. ಲಾರಿಗೆ ನಲವತ್ತು ಮೈಲಿಯ ಮೇಲೆ ವೇಗವೇ ಇಲ್ಲ. ತೆಂಚಾ ಕಿಟಕಿಯಿಂದ ತಲೆ ಹೊರಗೆ ಹಾಕುವಳು, ಒಳಗೆ ಎಳೆದುಕೊಳ್ಳುವಳು, ಕಾಲಲ್ಲಿ ಇಲ್ಲದ ಆಕ್ಸಿಲರೇಟರ್ ತುಳಿಯುವಳು.

"ನೆಲ ತೂತಾಗುತ್ತೆ ಕೊಮಾದ್ರೆ. ನೀವು ತುಳಿದ್ರೆ ಇದು ಓಡುತ್ತಾ?"

"ಇದು ಲಾರೀನಾ, ಸೀಮೆಂಟ್ ಚೀಲಾನಾ?"

"ನಿಮ್ಮ ಮದುವೇಲಿ ಇದೇ ಚೀಲಾನೇ ನಿಮ್ಮನ್ನ ಚರ್ಚಿಗೆ ಹೊತ್ಕೊಂಡು ಹೋಗಿದ್ದು, ಜ್ಞಾಪಕ ಇಟ್ಕೊಳ್ಳಿ." ಅವಳು ನಗಲಿಲ್ಲ. ಅವನು ಓರೆಗಣ್ಣಿನಲ್ಲಿ ನೋಡಿ ದನಿ ತಗ್ಗಿಸಿದ. "ಒಂದು ವೈರು ತಾನೇ. ಎಲ್ಲರಿಗೂ ಆಗುತ್ತೆ."

"ಎಲ್ಲರಿಗೂ ಆಗಲ್ಲ. ಲಕ್ಷಣವಾಗಿದೀಯ ಅಂದ್ರೆ ಕುಣಿಯೋರಿಗೆ ಆಗುತ್ತೆ."

ಕಾಲುವೆಯ ಕೊನೆಯ ಸೇತುವೆ ದಾಟಿದ ಮೇಲೆ ಬರಿ ಮರಳು. ಬೆನ್ನ ಹಿಂದೆ ಆಕಾಶ ಕೆಂಪಿನಿಂದ ನೇರಳೆಗೆ ತಿರುಗಿತು. ರುತಿಲಿಯೊ ಹೆಡ್‌ಲೈಟು ಹಾಕಿದ. ಡೆಲ್ಬರ್ಟನೂ ಈಗ ಹಾಕಿರುತ್ತಾನೆ, ಅಂದುಕೊಂಡಳು ತೆಂಚಾ.

ಮುಂದೆ ಒಂದು ಹುಲ್ಲಿನ ಲಾರಿ, ಪಿಂಡಿಗಳನ್ನು ಮನೆಯೆತ್ತರ ಪೇರಿಸಿಕೊಂಡಿತ್ತು. ಅದರಾಚೆ ಏನಿದೆಯೋ ಕಾಣುತ್ತಿಲ್ಲ. ಇನ್ನೆರಡು ಮೈಲಿ ಹೋದರೆ ಗ್ಲಾಮಿಸ್‌ನ ರೈಲ್ವೆ ಗೇಟು. ಅಲ್ಲಿ ಪ್ರತಿಯೊಬ್ಬನೂ ಬ್ರೇಕ್ ಒತ್ತುತ್ತಾನೆ. ಡೆಲ್ಬರ್ಟನೂ ಒತ್ತುತ್ತಾನೆ. ಹಿಂದಿನವನಿಗೆ ಏನೂ ಕಾಣದು.

"ದಾಟ್ರಿ."

"ಏರಿನಲ್ಲಿ, ಈ ಮುದುಕಿ ಲಾರೀಲಾ?"

"ದಾಟ್ರಿ ಅಂದೆ!"

ರುತಿಲಿಯೊ ಲಾರಿಯ ತಲೆಯ ಹಳದಿ ದೀಪ ತಿರುಗಿಸಿದ, ಹಾರನ್ನು ಒತ್ತಿ ಹಿಡಿದ. ಹುಲ್ಲಿನವನು ಕಿಟಕಿಯಿಂದ ಕೈ ಹೊರಹಾಕಿ ನಡುಬೆರಳು ತೋರಿಸಿದ. ಒಂದು ಮೈಲಿ ಹೀಗೇ ಹೋಯಿತು. ಕೊನೆಗೆ ಅವನಿಗೇ ಬೇಸರವಾಗಿ ಅಂಚಿಗೆ ಸರಿದ. ಎಳೆಯುವ ಲಾರಿ ನರಳುತ್ತ ಅವನನ್ನು ದಾಟಿತು.

ಮುಂದೆ ರಸ್ತೆ ಖಾಲಿ. ದೂರದಲ್ಲಿ ಎಲ್ಲೋ ಬಿಳಿ ಬೆಳಕು ಮರಳಿನ ಮೇಲೆ ಬಿದ್ದಿದೆ, ಎದುರು ಬರುವವರದ್ದಿರಬೇಕು.

"ಹೋಗ್ಬಿಟ್ಟ ಕೊಮಾದ್ರೆ, ದಿಬ್ಬ ಸೇರ್ಕೊಂಡಿದಾನೆ ನಿಮ್ಮ ಹುಡುಗ. ಇನ್ನಾದ್ರೂ ಉಸಿರು ಬಿ—"

ತೆಂಚಾ ಕಿರುಚಿದಳು. ಆ ಬೆಳಕು ಎದುರಿನದಲ್ಲ, ಅವರದೇ ದಿಕ್ಕಿನದು, ಕೈಗೆ ಎಟುಕುವಷ್ಟು ಹತ್ತಿರ. ಅದರ ಹಿಂದೆ ಕತ್ತಲೆಯೇ ಗಟ್ಟಿಯಾಗಿ ಬಗ್ಗಿಯ ಆಕಾರಕ್ಕೆ ಬಂತು. ರುತಿಲಿಯೊ ಎರಡೂ ಕಾಲಿನಲ್ಲಿ ಬ್ರೇಕ್ ಮೇಲೆ ನಿಂತ. ಟಯರು ಚೀರಿತು, ಹಿಂದಿನ ಸರಪಳಿಗಳು ಕ್ಯಾಬಿನ್ನಿಗೆ ಬಂದು ಬಡಿದವು. ಲಾರಿ ನಿಂತಾಗ ಬಗ್ಗಿಯ ಎಂಜಿನ್ನಿಗೂ ಅವರ ಬಂಪರಿಗೂ ನಡುವೆ ಒಂದು ಮಾರು.

ವಿಷಯ ಗೊತ್ತಿದ್ದವರು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತ ಬಂದವರು. ಅವರಿಗೇ ಕಾಣಲಿಲ್ಲ.

ಡೆಲ್ಬರ್ಟ್ ಬಗ್ಗಿಯಿಂದ ಹಾರಿ ಬಂದ. "ಕಣ್ಣು ಕಾಣಲ್ವೇನೋ ನಿಂಗೆ! ಬ್ರೇಕ್ ಹಾಕ್ಲಿಲ್ವಾ ನಾನು?" ಆಮೇಲೆ ಕೆಳಗಿಳಿದವಳನ್ನು ನೋಡಿ ಪೆಚ್ಚಾದ. "ದೋನ್ಯಾ? ನೀವಿಲ್ಲಿ?"

ತೆಂಚಾ ರುತಿಲಿಯೊನಿಗೆ ಹೆಡ್‌ಲೈಟು ಆರಿಸಿ, ಹಳದಿ ದೀಪ ತಿರುಗುತ್ತಿರಲಿ ಎಂದು ಸನ್ನೆ ಮಾಡಿದಳು. ಡೆಲ್ಬರ್ಟನ ತೋಳು ಹಿಡಿದು ಬಗ್ಗಿಯಿಂದ ಇಪ್ಪತ್ತು ಹೆಜ್ಜೆ ಹಿಂದಕ್ಕೆ, ರಸ್ತೆಯ ಅಂಚಿಗೆ ಎಳೆದುಕೊಂಡು ಹೋಗಿ ನಿಲ್ಲಿಸಿದಳು.

"ರೇಲೀನ್! ಬ್ರೇಕ್ ಒತ್ತು."

"ಒತ್ತಿದೀನಿ!"

ಡೆಲ್ಬರ್ಟ್ ನೋಡಿದ. ಮತ್ತೆ ನೋಡಿದ. "ಒತ್ತೇ ರೇಲೀನ್."

"ಒತ್ತೇ ಹಿಡಿದಿದೀನಿ ಕಣೋ, ಕಾಲು ನೋಯ್ತಾ ಇದೆ!"

ಅವನು ಅಂಗಿಯ ಜೇಬಿನಿಂದ ಕಾಗದ ತೆಗೆದು, ಅದೇ ತಪ್ಪು ಮಾಡಿದೆಯೇನೋ ಎಂಬಂತೆ ದಿಟ್ಟಿಸಿದ. "ಇದ್ರಲ್ಲಿ ಎಲ್ಲಾ ಸರಿ ಇದೆ ಅಂತ..."

"ಅದು ಸರಿ ಇದೆ. ತಪ್ಪು ನಂದು," ಎಂದು ತೆಂಚಾ ಏಪ್ರನ್ನಿನಿಂದ ವೈರು ತೆಗೆದು ತೋರಿಸಿದಳು. "ಜೇಬಲ್ಲೇ ಉಳೀತು. ನಿಮ್ಮಿಬ್ಬರನ್ನೂ ಸಾಯಿಸ್ತಿದ್ದೆ ನಾನು."

ಅಷ್ಟರಲ್ಲಿ ಹುಲ್ಲಿನ ಲಾರಿ ಹಿಂದೆ ಬಂದು ನಿಂತಿತು. ಬೆರಳು ತೋರಿಸಿದವನು ಬೈಯುತ್ತಲೇ ಇಳಿದು ಬಂದ. "ಮೈಲಿಗಟ್ಟಲೆ ಪ್ರಾಣ ತಿಂದು ಈಗ ರಸ್ತೇಲಿ ಸಂತೆ ಕಟ್ಟಿದೀರಾ?" ಬಗ್ಗಿಯನ್ನು ನೋಡಿದ ಕೂಡಲೇ ಬೈಗುಳ ನಿಂತಿತು. "ಇದು ಎಲ್ಲಿತ್ತು?"

"ನಿನ್ನ ಮುಂದೆ," ಎಂದ ರುತಿಲಿಯೊ. "ಊರಿಂದಲೂ."

ಆ ಮನುಷ್ಯ ಹಿಂದಿರುಗಿ ತನ್ನ ಹುಲ್ಲಿನ ಬೆಟ್ಟವನ್ನೊಮ್ಮೆ ನೋಡಿದ. ಟೋಪಿ ತೆಗೆದ. ಆಮೇಲೆ ಟಾರ್ಚು ತಂದು, ಯಾರೂ ಕೇಳದೆಯೇ, ತೆಂಚಾಳ ಕೈಗಳಿಗೆ ಬೆಳಕು ಹಿಡಿದು ಕೂತ.

ಕೆಲಸ ಐದು ನಿಮಿಷದ್ದು. ಚಾಸಿಯ ಬಣ್ಣ ಕೆರೆದಳು, ಲೋಹ ಹೊಳೆಯಿತು, ಉಂಗುರವಿಟ್ಟು ನಟ್ಟು ಬಿಗಿದಳು. ಎರಡು ಕೆಂಪು ದೀಪ ಕಣ್ಣುಬಿಟ್ಟವು. ಡೆಲ್ಬರ್ಟ್ ಬಗ್ಗಿ ಹತ್ತಲು ಹೊರಟ. ತೆಂಚಾ ಬಿಡಲಿಲ್ಲ. ಅವನನ್ನು ಮತ್ತೆ ಆ ಇಪ್ಪತ್ತು ಹೆಜ್ಜೆ ಹಿಂದಕ್ಕೆ ಕರೆದೊಯ್ದು, ಹೆಡ್‌ಲೈಟು, ಇಂಡಿಕೇಟರು, ಬ್ರೇಕು ಎಲ್ಲವನ್ನೂ ಒಟ್ಟಿಗೆ ಹಾಕಿಸಿ, ನೂರು ಎಣಿಸುವವರೆಗೆ ನಿಲ್ಲಿಸಿದಳು. ಅವನು ಎಣಿಸಿದ. ಹಾರನ್ನು ಬಾರಿಸಲಿಲ್ಲ.

ವಾಪಸು ಬರುವಾಗ ರುತಿಲಿಯೊ ಸಮಾಧಾನ ಹೇಳಿದ. "ಆಯ್ತಲ್ಲ ಕೊಮಾದ್ರೆ. ಇನ್ನು ಸುಮ್ನೆ ಕೂತ್ಕೊಳ್ಳಿ."

"ಇಲ್ಲೇ ನಿಲ್ಲಿಸ್ರಿ," ಎಂದಳು ತೆಂಚಾ. "ನಿಮ್ಮದನ್ನೂ ನೋಡ್ಬೇಕು."

ರುತಿಲಿಯೊನ ಎಡಗಡೆಯ ಬ್ರೇಕ್ ಲೈಟು ಸತ್ತಿತ್ತು. ಎಂದಿನಿಂದ ಎಂದು ಅವನಿಗೇ ಗೊತ್ತಿರಲಿಲ್ಲ.

ಆ ಫೋಟೋ ಇಂದಿಗೂ ಶೆಡ್ಡಿನ ಗೋಡೆಯಲ್ಲಿದೆ, ಏಪ್ರನ್ನಿನ ಮೊಳೆಯ ಪಕ್ಕದಲ್ಲೇ. ಅಂದಿನಿಂದ ಅವಳು ಯಾವ ಗಾಡಿಯನ್ನೂ, ಅದರ ಒಡೆಯ ಹಿಂದೆ ನಿಂತು ನೂರು ಎಣಿಸದೆ, ಅಂಗಳದಿಂದ ಹೊರಗೆ ಬಿಡಲಿಲ್ಲ. ತಲೆಕೆಟ್ಟ ಮುದುಕಿ ಎಂದು ಹುಡುಗರು ಗೊಣಗುತ್ತಿದ್ದರು. ಗೊಣಗುತ್ತಲೇ ಎಣಿಸುತ್ತಿದ್ದರು.

ನಿಮ್ಮ ಅಂಗಳದಲ್ಲಿ ತೆಂಚಾ ಇಲ್ಲ. ಸ್ಕೂಟರೋ, ಟ್ರ್ಯಾಕ್ಟರೋ, ಟ್ರೇಲರೋ ಇದೆ, ಅದರ ಕಾಗದವೂ ಇದೆ. ಈ ಪುಟ ಮಡಚಿಡಿ. ಮನೆಯಲ್ಲಿ ಯಾರನ್ನಾದರೂ ಕರೆದು ಬ್ರೇಕ್ ಒತ್ತಲು ಹೇಳಿ. ಇಪ್ಪತ್ತು ಹೆಜ್ಜೆ ಹಿಂದಕ್ಕೆ ಹೋಗಿ ನಿಂತು ನೋಡಿ. ನಾಳೆಯಲ್ಲ, ಈಗ. ಏಳಿ.