ಬೀಗವಿಲ್ಲದ ಮನೆ ಹುಡುಕಿ ಬಂದವರು

ಕೊರೋನಾ ಮುಗಿದು ಬಸ್ಸುಗಳು ಮತ್ತೆ ತುಂಬತೊಡಗಿದ ವರ್ಷ ನಾನು ಶಿಕಾರಿಪುರ–ಸೊರಬ ಮಾರ್ಗದ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದೆ. ಇಪ್ಪತ್ತಾರು ವರ್ಷ ಅದೇ ರಸ್ತೆ, ದಿನಕ್ಕೆ ನಾಲ್ಕು ಟ್ರಿಪ್. ಶಿರಾಳಕೊಪ್ಪದಲ್ಲಿ ಹತ್ತು ನಿಮಿಷ ನಿಂತು, ಬಳ್ಳಿಗಾವಿಗೆ ಹೊಕ್ಕು ಬಂದು, ಸೊರಬ ಮುಟ್ಟಬೇಕು. ಖಾಸಗಿ ಬಸ್ಸಿನವರಿಗೆ ಟೈಮಿಂಗ್ ಎಂದರೆ ಜೀವ. ನಾವು ಎರಡು ನಿಮಿಷ ತಡ ಮಾಡಿದರೆ ಹಿಂದಿನ ಬಸ್ಸಿನವನು ಮುಂದೆ ನುಗ್ಗಿ ನಮ್ಮ ಜನರನ್ನೆಲ್ಲ ಹತ್ತಿಸಿಕೊಂಡುಬಿಡುತ್ತಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ನೆಪ ಹುಡುಕಿದಂತೆ ಕೇಳಿಸುತ್ತದೆ.

ಆ ವರ್ಷದ ಚಳಿಗಾಲದಲ್ಲಿ ಹಾಲೆಂಡಿನ ಗಂಡ ಹೆಂಡತಿ ಇಬ್ಬರು ನಮ್ಮ ಬಸ್ಸು ಹತ್ತತೊಡಗಿದರು. ಗಂಡ ಯಾನ್, ಹೆಂಡತಿ ಮಾರ್ಗಾ. ಇಬ್ಬರಿಗೂ ಎಪ್ಪತ್ತರ ಹತ್ತಿರ. ಯಾನ್ ತಮ್ಮೂರಿನಲ್ಲಿ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಅದು ಗೊತ್ತಾದ ದಿನದಿಂದ ನಮ್ಮ ಡ್ರೈವರ್ ಚೌಡಪ್ಪ ಅವರನ್ನು ಬಾನೆಟ್ ಪಕ್ಕದ ಸೀಟು ಬಿಟ್ಟು ಬೇರೆಲ್ಲೂ ಕೂರಲು ಬಿಡುತ್ತಿರಲಿಲ್ಲ. ಕೆಲಸದಲ್ಲಿದ್ದಾಗ ರಜೆ ಸಿಕ್ಕಾಗಲೆಲ್ಲ ಬಳ್ಳಿಗಾವಿಯ ಗುಡಿಗಳನ್ನು ನೋಡಲು ಬಂದು ಬಂದು ಯಾನ್ ಹರಕು ಮುರುಕು ಕನ್ನಡ ಕಲಿತಿದ್ದರು.

ಈ ಸಲ ಅವರು ಗುಡಿ ನೋಡಲು ಬಂದಿರಲಿಲ್ಲ, ಉಳಿಯುವುದಕ್ಕೆ ಊರು ಹುಡುಕುತ್ತಿದ್ದರು. ಮಾರ್ಗಾ ಅವರಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ. ಗಂಡನ ಗುರುತು ಇತ್ತು, ಮನೆಯ ದಾರಿ ಮರೆತುಹೋಗಿತ್ತು. ಕಾಲು ಮಾತ್ರ ಗಟ್ಟಿ. ಇಡೀ ದಿನ ನಡೆಯಬೇಕು ಅವರಿಗೆ. "ನಮ್ಮ ದೇಶದಲ್ಲಿ ಇವಳನ್ನು ಬೀಗ ಇರುವ ಮನೆಯಲ್ಲಿ ಇಡುತ್ತಾರೆ. ಬೀಗ ಹಾಕಿದರೆ ಇವಳು ಅಳುತ್ತಾಳೆ," ಎಂದು ಯಾನ್ ಒಂದು ದಿನ ಹೇಳಿದರು. ಬಾಗಿಲು ತೆರೆದಿಟ್ಟರೂ ಹೆಂಡತಿ ಕಳೆದುಹೋಗದಂಥ ಊರು ಅವರಿಗೆ ಬೇಕಿತ್ತು. ವೀಸಾದ ಲೆಕ್ಕದಲ್ಲಿ ಒಮ್ಮೆಗೆ ಆರು ತಿಂಗಳು ಇರಬಹುದಿತ್ತು. ಮೊದಲು ಅಷ್ಟು ಇದ್ದು ನೋಡಿ, ಆಮೇಲೆ ಪೂರ್ತಿ ಬಂದುಬಿಡುವ ಆಸೆ.

ಊರು ಆರಿಸಲು ಅವರು ಹಿಡಿದ ದಾರಿಯೇ ವಿಚಿತ್ರ. ಒಂದೊಂದು ಊರಿಗೂ ಹೋಗಿ, ಮಾರ್ಗಾ ಅವರನ್ನು ಒಬ್ಬರನ್ನೇ ನಡೆಯಲು ಬಿಟ್ಟು, ತಾವು ಐವತ್ತು ಹೆಜ್ಜೆ ಹಿಂದೆ ಹೋಗುವುದು. ಯಾರು ತಡೆದು ಕೇಳುತ್ತಾರೆ ನೋಡುವುದು. ಶಿಕಾರಿಪುರ ಪೇಟೆಯಲ್ಲಿ ಯಾರೂ ಕೇಳಲಿಲ್ಲ, ಅವರವರ ಗಡಿಬಿಡಿ ಅವರವರಿಗೆ. ಈಸೂರಿನಲ್ಲಿ ಮಾತ್ರ ನೂರು ಹೆಜ್ಜೆಯೂ ಹೋಗಗೊಡಲಿಲ್ಲ. ಒಬ್ಬ ಮುದುಕಿ ಮುಂಗೈ ಹಿಡಿದು, "ಒಬ್ಬಾಕೀನೇ ಎಲ್ಲಿಗ್ ಹೊಂಟೀಯವ್ವಾ? ಕೂರಿಲ್ಲಿ, ನಿಮ್ಮನೇರು ಬರ್ಲಿ," ಎಂದು ಕಟ್ಟೆಯ ಮೇಲೆ ಕೂರಿಸಿಯೇಬಿಟ್ಟಳಂತೆ. ಯಾನ್ ಅದನ್ನು ಮೂರು ಸಲ ಹೇಳಿ ನಕ್ಕರು. ಅವರ ಮನಸ್ಸು ಈಸೂರಿನ ಮೇಲೆ ಕೂತಾಗಿತ್ತು.

ಅದನ್ನು ತಪ್ಪಿಸಿದವನು ನಾನು.

"ಈಸೂರು ಬ್ಯಾಡ್ರೀ ಸಾರ್," ಎಂದೆ. "ಅಲ್ಲಿ ದಿನಾ ಜನ ಮುತ್ಕೋತಾರೆ, ಅಮ್ಮಾರಿಗೆ ತಲೆ ಕೆಟ್ಟು ಹೋಗ್ತೈತಿ. ಬಳ್ಳಿಗಾವೀಲಿರಿ. ಅಲ್ಲಿನೋರಿಗೆ ಹೊರಗಿನ ಜನ ರೂಢಿ. ನಾನ್ ದಿನಾ ನಾಕು ಸಲ ಬರ್ತೀನಲ್ಲ, ನಾ ನೋಡ್ಕೋತೀನಿ."

ಮಾತು ಒಳ್ಳೆಯದೇ ಇತ್ತು. ಒಳಗಿನ ಕಾರಣ ಬೇರೆ. ಈಸೂರಿಗೆ ನನ್ನ ಬಸ್ಸು ಹೋಗುತ್ತಿರಲಿಲ್ಲ. ಫಾರಿನ್ನಿನವರು ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ, ನನ್ನ ಬಸ್ಸನ್ನೇ ಕಾಯುತ್ತಾರೆ ಎಂಬ ದೊಡ್ಡಸ್ತಿಕೆ ನನಗೆ ಬೇಕಿತ್ತು. ಇದನ್ನು ನನ್ನ ಹೆಂಡತಿಯ ಹತ್ತಿರ ಕೂಡ ನಾನು ಬಹಳ ದಿನ ಒಪ್ಪಿಕೊಂಡಿರಲಿಲ್ಲ.

ಬಳ್ಳಿಗಾವಿಯಲ್ಲಿ ಬಸ್ ಸ್ಟಾಪಿಗೆ ಹತ್ತಿರದ ಮನೆಯೊಂದು ಬಾಡಿಗೆಗೆ ಸಿಕ್ಕಿತು. ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ಮಾರ್ಗಾ ಅವರನ್ನು ಜನ 'ಟೋಪಿ ಅಮ್ಮ' ಎಂದು ಕರೆದರು. ಅವರು ಬಂದರೆ ದಾರಿ ಬಿಡುವುದು, ನಗುವುದು, ಕೈಮುಗಿಯುವುದು. ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಗುಡಿ ನೋಡಲು ಬಂದವರು ಅಡ್ಡಾಡುವುದು ಅಲ್ಲಿ ದಿನದ ಮಾತು. ಮಾರ್ಗಾ ಮನೆಗೆ ವಾಪಸಾಗುತ್ತಿದ್ದುದು ಹಿಂದೆಯೇ ಯಾನ್ ಇರುತ್ತಿದ್ದುದರಿಂದ, ಊರಿನಿಂದಲ್ಲ. ಅದು ನನ್ನ ತಲೆಗೆ ಹೊಳೆಯಲಿಲ್ಲ.

ಬೇಸಿಗೆ ಶುರುವಾಗಿತ್ತು. ಒಂದು ಬೆಳಿಗ್ಗೆ ಮಾರ್ಗಾ ಒಬ್ಬರೇ ಸ್ಟಾಪಿನಲ್ಲಿ ನಿಂತಿದ್ದರು. ತಲೆಗೆ ಟೋಪಿ, ಹೆಗಲಿಗೆ ಚೀಲ. ಬಸ್ಸು ನಿಂತ ಕೂಡಲೇ ಹತ್ತಿದರು. ಹೆಂಗಸರು ಎದ್ದು ಕಿಟಕಿ ಸೀಟು ಕೊಟ್ಟರು.

"ಯಾನ್ ಸಾರ್ ಎಲ್ಲಿ ಅಮ್ಮಾ?" ಎಂದೆ.

ಅವರು ಮುಂದಕ್ಕೆ ಕೈ ತೋರಿಸಿ, "ಯಾನ್," ಎಂದರು.

ಫ್ಯಾನ್ ರಿಪೇರಿಗೆ ಸೊರಬಕ್ಕೆ ಹೋಗಬೇಕು ಎಂದು ಯಾನ್ ಹಿಂದಿನ ದಿನ ಹೇಳಿದ್ದರು. ಸರಿ, ಅವರು ಮುಂಚೆಯೇ ಹೋಗಿರಬೇಕು, ಇವರನ್ನು ನನ್ನ ಬಸ್ಸಿಗೆ ಬಾ ಎಂದಿರಬೇಕು ಎಂದುಕೊಂಡೆ. ಅಷ್ಟು ನಂಬಿಕೆ ನನ್ನ ಮೇಲೆ ಎಂದು ಒಳಗೊಳಗೇ ಹಿಗ್ಗಿದೆ ಕೂಡ. ನಿಜದಲ್ಲಿ ಯಾನ್ ಆ ಹೊತ್ತಿಗೆ ಹಿತ್ತಿಲ ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದರು. ಬಸ್ಸು ತುಂಬಿತ್ತು, ನಾನು ಟಿಕೆಟ್ ಹರಿಯುತ್ತಾ ಹಿಂದೆ ಹೋದೆ.

ಸೊರಬದ ನಿಲ್ದಾಣದಲ್ಲಿ ಯಾನ್ ಕಾಣಲಿಲ್ಲ. ಮಾರ್ಗಾ ಅವರನ್ನು ಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಇರಿ, ಸಾರ್ ಬರ್ತಾರೆ," ಎಂದೆ. ಫೋನು ಕಿಸೆಯಲ್ಲೇ ಇತ್ತು. ಅಷ್ಟರಲ್ಲಿ ಬಸ್ ಏಜೆಂಟ್ ಕೂಗಿದ, "ಹೊರಡಾ ಮಾರಾಯ, ಹಿಂದಿನ ಗಾಡಿ ಬಂತು." ನಾನು ಶಿಳ್ಳೆ ಹಾಕಿ ಹತ್ತಿದೆ.

ಬಳ್ಳಿಗಾವಿಗೆ ವಾಪಸು ಬಂದಾಗ ಯಾನ್ ರಸ್ತೆಯ ನಡುವೆ ಬರಿಗಾಲಲ್ಲಿ ನಿಂತಿದ್ದರು. ಚೌಡಪ್ಪ ಬ್ರೇಕ್ ಒತ್ತಿದ. ಯಾನ್ ಬಸ್ಸಿನೊಳಗೆಲ್ಲ ಕಣ್ಣಾಡಿಸಿ, ನನ್ನನ್ನು ನೋಡಿ, "ಅವಳು ಎಲ್ಲಿ?" ಎಂದರು. ಸೊರಬದ ಏಜೆಂಟನಿಗೆ ಫೋನು ಹಚ್ಚಿ ಬೆಂಚು ನೋಡಲು ಹೇಳಿದೆ.

ಬೆಂಚು ಖಾಲಿಯಾಗಿತ್ತು. ಪೊಲೀಸರು, ಆಟೋದವರು, ನಾವು ಎಲ್ಲರೂ ಹುಡುಕಿದೆವು. ಮಾರನೆಯ ದಿನ ಬೆಳಿಗ್ಗೆ ಎಂಟು ಕಿಲೋಮೀಟರ್ ದೂರದ ಒಂದು ಕೆರೆ ಏರಿಯ ಹತ್ತಿರ, ಹೊಂಗೆ ಮರಕ್ಕೆ ಒರಗಿ ಕುಳಿತ ಹಾಗೆಯೇ ಸಿಕ್ಕರು. ಜೀವ ಇರಲಿಲ್ಲ. ಬಿಸಿಲು, ಬಾಯಾರಿಕೆ ಎಂದರು ಡಾಕ್ಟರು.

ಅವರನ್ನು ಕಂಡವರು ಬಹಳ ಜನ ಇದ್ದರು. ಒಬ್ಬಾಕೆ ಬಾಳೆಹಣ್ಣು ಕೊಟ್ಟಿದ್ದಳು. ಹೋಟೆಲಿನವನು ದುಡ್ಡು ಬೇಡವೆಂದು ಟೀ ಕೊಟ್ಟು, ಕೈಹಿಡಿದು ರಸ್ತೆ ದಾಟಿಸಿದ್ದ. ಬೈಕಿನವನೊಬ್ಬ ಅವರು ಕೈ ತೋರಿಸಿದ ಕಡೆ ನಾಲ್ಕು ಮೈಲಿ ಬಿಟ್ಟುಬಂದಿದ್ದ. "ದೂರ್ದಿಂದ ಬಂದೋರು, ಬಿಸ್ಲಲ್ಲಿ ನಡೀತಿದ್ರು, ಪಾಪ ಅನ್ನಿಸ್ತು. ದೊಡ್ಡೋರನ್ನ ಎಲ್ಲಿಗೆ ಅಂತ ಹೆಂಗೆ ಕೇಳಾದು," ಎಂದು ಅವನು ಸ್ಟೇಷನ್ನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಎಲ್ಲರೂ ಉಪಕಾರವನ್ನೇ ಮಾಡಿದ್ದೆವು. ಒಬ್ಬೊಬ್ಬರ ಉಪಕಾರವೂ ಅವರನ್ನು ಗಂಡನಿಂದ ಇನ್ನಷ್ಟು ದೂರ ಒಯ್ದಿತ್ತು, ಮೊದಲ ಉಪಕಾರ ನನ್ನದು.

ಕಾಗದಪತ್ರ ಎಲ್ಲ ಮುಗಿದು, ಸಂಸ್ಕಾರ ಇಲ್ಲೇ ಆಯಿತು. ಯಾನ್ ತಮ್ಮ ದೇಶಕ್ಕೆ ಹೊರಟ ದಿನ ಶಿಕಾರಿಪುರದವರೆಗೆ ನಮ್ಮ ಬಸ್ಸಿನಲ್ಲೇ ಬಂದರು. ಚೌಡಪ್ಪ ಕರೆದರೂ ಮುಂದೆ ಹೋಗಲಿಲ್ಲ, ಹಿಂದಿನ ಸೀಟಿನಲ್ಲಿ ಕುಳಿತರು. ಬೈದುಬಿಡಲಿ ಎಂದು ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಬೈಯಲಿಲ್ಲ. ಇಳಿಯುವ ಮುಂಚೆ ಒಂದೇ ಮಾತು ಕೇಳಿದರು.

"ಆ ದಿನ ಬಸ್ಸಿನಲ್ಲಿ ಅವಳು ಸಂತೋಷವಾಗಿ ಇದ್ದಳಾ?"

"ಹೂಂ ಸಾರ್," ಎಂದೆ. "ಕಿಟಕಿ ಹೊರಗೆ ನೋಡ್ತಾ ನಗ್ತಾ ಇದ್ರು."

ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ನಾನು ಹೇಳಿದ್ದು ಸುಳ್ಳು. ಮಾರ್ಗಾ ನಕ್ಕರೋ, ಹೆದರಿದ್ದರೋ, ಅತ್ತರೋ ನನಗೆ ಗೊತ್ತಿಲ್ಲ. ಮುಕ್ಕಾಲು ಗಂಟೆ ಅವರು ನನ್ನ ಬಸ್ಸಿನಲ್ಲಿದ್ದರು, ನಾನು ಒಂದು ಸಲವೂ ತಿರುಗಿ ನೋಡಿರಲಿಲ್ಲ.

ಆಮೇಲೆ ಮೂರು ವರ್ಷ ಕೆಲಸ ಮಾಡಿ ಬಿಟ್ಟೆ. ಆ ಮೂರು ವರ್ಷ, ಒಂಟಿಯಾಗಿ ಹತ್ತಿದ ವಯಸ್ಸಾದವರು ಊರು ಹೇಳಲು ತಡವರಿಸಿದರೆ ಮನೆಯವರಿಗೆ ಫೋನು ಹಚ್ಚುವವರೆಗೆ ನಾನು ರೈಟ್ ಅನ್ನುತ್ತಿರಲಿಲ್ಲ. ಜನ ಬೈದರು, ಮಾಲೀಕರೂ ಬೈದರು. ಜನರನ್ನು ಒಯ್ಯುವ ಕೆಲಸದಲ್ಲಿರುವವನು ಹತ್ತಿದವರ ಮುಖವನ್ನು ಒಂದು ಸಲ ಸರಿಯಾಗಿ ನೋಡಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅದಕ್ಕೆ ಅರ್ಧ ನಿಮಿಷವೂ ಬೇಕಾಗುವುದಿಲ್ಲ, ಆ ದಿನ ನನ್ನ ಹತ್ತಿರ ಅಷ್ಟು ಹೊತ್ತು ಇತ್ತು.