ಮೈಲೇಜ್ ಮಾವ
ನಮ್ಮ ಬೀದಿಯವರೆಲ್ಲ ಮೈಲೇಜ್ ಮಾವ ಎಂದೇ ಕರೆಯುವ ನಿವೃತ್ತ ಗಣಿತದ ಮೇಷ್ಟ್ರು, ತಮ್ಮ ಕಾರು ಹತ್ತುವವರ ಚೀಲವನ್ನು ಮೊದಲು ಕೈಯಲ್ಲೆತ್ತಿ ತೂಕ ನೋಡುತ್ತಾರೆ. ಮದುವೆಗೆ ಹೊರಟಿದ್ದ ಷಡ್ಡಕನ ಕೈಯಿಂದ ಒಮ್ಮೆ ಕೊಡೆಯನ್ನೂ ಇಳಿಸಿದ್ದುಂಟು. ದುಬಾರಿ ಪೆಟ್ರೋಲು ಹಾಕಲೇ ಎಂದು ಬಂಕಿನವನು ಕೇಳಿದರೆ, "ಈ ಇಂಜಿನ್ನಿಗೆ ಸಾದಾದೇ ಸಾಕು ಅಂತ ಕಂಪನಿಯವರೇ ಬರೆದಿದ್ದಾರಪ್ಪ. ಅಮೃತ ಕುಡಿಸಿದ್ರೆ ಇದಕ್ಕೇನು ರೆಕ್ಕೆ ಬರುತ್ತಾ?" ಎನ್ನುತ್ತಾರೆ. ನಲವತ್ತರ ವೇಗ ದಾಟುವವರಲ್ಲ. ಬ್ರೇಕ್ ತುಳಿಯುವುದೆಂದರೆ ಅವರಿಗೆ ಎಳೆಗೂಸಿನ ಕಾಲು ತುಳಿದಷ್ಟು ಸಂಕಟ. ಹಿಂದಿನ ಗಾಡಿಯವನು ಹಾರ್ನ್ ಹೊಡೆದರೆ ಕಿಟಕಿಯಿಂದ ತಲೆ ಹೊರಹಾಕಿ, "ಅಷ್ಟು ಅವಸರ ಇದ್ರೆ ಇಳಿದು ಸ್ವಲ್ಪ ತಳ್ಳಪ್ಪ, ಇಬ್ಬರಿಗೂ ಒಳ್ಳೇದಾಗುತ್ತೆ" ಎಂದು ಕೂಗುತ್ತಾರೆ. ಇಂಥ ಮನುಷ್ಯ ಕಳೆದ ವಾರ, ಮಂಡಿಯ ಶಸ್ತ್ರಚಿಕಿತ್ಸೆ ಆಗಿದ್ದ ಹೆಂಡತಿಯನ್ನು ಆಸ್ಪತ್ರೆಯಿಂದ ಕರೆತಂದವರು, ಮನೆಯ ಗೇಟಿನ ಮುಂದೆ ಮುಕ್ಕಾಲು ಗಂಟೆಯಾದರೂ ಇಂಜಿನ್ ಆರಿಸದೆ ಕೂತೇ ಇದ್ದರು. ತಡೆಯಲಾರದೆ ನಾನು ಹೋಗಿ, "ಮಾವ, ಪೆಟ್ರೋಲು!" ಎಂದೆ. ಅವರು ತುಟಿಯ ಮೇಲೆ ಬೆರಳಿಟ್ಟು, ಭುಜಕ್ಕೊರಗಿ ಗೊರಕೆ ಹೊಡೆಯುತ್ತಿದ್ದ ಹೆಂಡತಿಯತ್ತ ಕಣ್ಣಲ್ಲೇ ತೋರಿಸಿ ಪಿಸುಗುಟ್ಟಿದರು: "ನೋವಿಗೆ ಮೂರು ದಿನದಿಂದ ಕಣ್ಣೇ ಮುಚ್ಚಿಲ್ಲ ಕಣಯ್ಯ. ಸದ್ದು ನಿಂತ್ರೆ ಎದ್ದುಬಿಡ್ತಾಳೆ."